ನೂಲಿನಿಂದ ಮೊದಲಾದ ಯಂತ್ರಯುಗ

‘ಯಂತ್ರ’ ಎಂಬ ಶಬ್ದವು ‘ಯಮ್’ ಎಂಬ ಸಂಸ್ಕೃತ ಧಾತುವಿನಿಂದ ನಿಷ್ಪನ್ನವಾದುದು. ಹಿಡಿದು ನಿಲ್ಲಿಸುವುದು, ಅಂಕೆಯಲ್ಲಿರಿಸುವುದು ಎಂಬುದು ಆ ಧಾತುವಿನ ಅರ್ಥ. ಅದೇ ಧಾತುವಿನಿಂದ ಬಂದ ಬೇರೆ ಎರಡು ಶಬ್ದಗಳೂ ಕನ್ನಡಕ್ಕೆ ಪರಿಚಿತವಾಗಿವೆ. ಒಂದು ‘ಯಂತ್ರಣೆ’, ಎಂದರೆ ಕಟ್ಟಿಗೆ ಸಿಕ್ಕವನು ಪಡುವ ಬಾಧೆ. ಇನ್ನೊಂದು ‘ನಿಯಂತ್ರಣ’, ಎಂದರೆ ಮಿತಿಮೀರದಂತೆ ಹತೋಟಿಯಲ್ಲಿಡುವುದು. ಒಂದೇ ಬೇರಿನಿಂದ ಒಡೆದ ಈ ಮೂರು ಕವಲುಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಕೈಗಾರಿಕಾ ಕ್ರಾಂತಿಯೆಂದು ಪ್ರಸಿದ್ಧವಾದ ಮಹಾಪರಿವರ್ತನೆಯ ಚರಿತ್ರೆಯು ಬಹುಮಟ್ಟಿಗೆ ತಿಳಿದಂತಾಗುತ್ತದೆ. ಅಲ್ಲಿ ಮೊದಲು ಬಂದುದು ಯಂತ್ರ; ಅದರ ಬೆನ್ನ ಹಿಂದೆಯೇ ಬಂದುದು ಯಂತ್ರಣೆ; ನಿಯಂತ್ರಣವಾದರೋ ಎರಡು ತಲೆಮಾರುಗಳಷ್ಟು ತಡವಾಗಿ ಬಂದಿತು.

ಈ ಪರಿವರ್ತನೆಯು ಉಗಿಯಂತ್ರದಿಂದ ಆರಂಭವಾಯಿತೆಂಬ ಭಾವನೆ ಸಾಮಾನ್ಯವಾಗಿ ಪ್ರಚಲಿತವಾಗಿದೆ. ಉಗಿಯಂತ್ರದ ಪ್ರಭಾವ ಅಪಾರವಾದುದೆಂಬುದು ನಿರ್ವಿವಾದ. ಆದರೆ ಗೃಹಕೃತ್ಯವನ್ನು ಗಿರಣಿಯ ಕೆಲಸವನ್ನಾಗಿ ಮಾರ್ಪಡಿಸಿದ ಮೊದಲ ಯಂತ್ರಗಳು ಹುಟ್ಟಿದುದು ಹತ್ತಿಯ ನೂಲಿನ ಸುತ್ತ. ಅವುಗಳನ್ನು ಮೊದಲಿಗೆ ತಿರುಗಿಸಿದುದು ಮನುಷ್ಯನ ಕೈ, ಕುದುರೆಯ ಕಾಲು ಮತ್ತು ಹರಿಯುವ ನೀರು. ಆದಕಾರಣ ಯಂತ್ರಯುಗದ ಉದಯವನ್ನು ಅರಿಯಬೇಕಾದರೆ ಇಂಗ್ಲೆಂಡಿನ ಲಂಕಾಶೈರ್ ಪ್ರಾಂತದ ನೇಕಾರನ ಮನೆಯಿಂದಲೇ ಆರಂಭಿಸುವುದು ಯುಕ್ತ.

ಕೈನೂಲಿನ ಕಾಲ

ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಲಂಕಾಶೈರಿನ ನೇಕಾರನ ಮನೆಯೇ ಒಂದು ಕಾರ್ಯಾಗಾರವಾಗಿತ್ತು. ಮಕ್ಕಳು ಅರಳೆಯನ್ನು ಹಿಂಜಿ ಹದಗೊಳಿಸುತ್ತಿದ್ದರು. ಹೆಂಗಸರು ರಾಟೆಯ ಮುಂದೆ ಕುಳಿತು ಎಳೆ ತೆಗೆಯುತ್ತಿದ್ದರು. ಗಂಡಸು ಮಗ್ಗದಲ್ಲಿ ನೇಯುತ್ತಿದ್ದನು. ವರ್ತಕನು ಕಚ್ಚಾವಸ್ತುವನ್ನು ಕೊಟ್ಟು, ನೇಯ್ದ ಬಟ್ಟೆಯನ್ನು ಪಡೆದು, ಕೂಲಿಯನ್ನು ಸಲ್ಲಿಸುತ್ತಿದ್ದನು. ಆ ಜೀವನ ಸುಖಮಯವಾಗಿತ್ತೆಂದು ಹೇಳುವಂತಿಲ್ಲ. ದುಡಿಮೆ ದೀರ್ಘವಾಗಿತ್ತು, ಆದಾಯ ಅಲ್ಪವಾಗಿತ್ತು. ಆದರೂ ಯಾವಾಗ ಏಳಬೇಕು, ಯಾವಾಗ ಮಗ್ಗವನ್ನು ಬಿಟ್ಟು ತೋಟಕ್ಕೆ ಹೋಗಬೇಕು ಎಂಬುದನ್ನು ನಿಶ್ಚಯಿಸುವವನು ಆ ಮನೆಯ ಯಜಮಾನನೇ ಆಗಿದ್ದನು.

ಇಂತಹ ವ್ಯವಸ್ಥೆಯಲ್ಲಿ ಒಂದು ಕೊರತೆಯಿತ್ತು. ಒಂದು ಮಗ್ಗವು ಸತತವಾಗಿ ನಡೆಯಬೇಕಾದರೆ ನಾಲ್ಕೈದು ಮಂದಿ ನೂಲುವವರು ಬೇಕಾಗುತ್ತಿದ್ದರು. ಮನೆಯ ಹೆಂಗಸರ ನೂಲು ಸಾಲದೆ ನೇಕಾರನು ನೆರೆಯ ಮನೆಗಳಿಗೆ ಅಲೆದು, ಒಬ್ಬೊಬ್ಬರಿಂದ ಸ್ವಲ್ಪಸ್ವಲ್ಪವಾಗಿ ಕೂಡಿಸಿ ತರಬೇಕಾಗಿತ್ತು. ಎಂದರೆ ನೂಲು ಹಿಂದೆ ಬಿದ್ದಿತ್ತು, ಮಗ್ಗ ಮುಂದಿತ್ತು.

ಇನ್ನೊಂದು ಕೊರತೆ ನೂಲಿನ ಗುಣದ್ದು. ಬಟ್ಟೆಯಲ್ಲಿ ಉದ್ದಕ್ಕೆ ಬಿಗಿಯುವ ಎಳೆ ಹಾಸು. ಅಡ್ಡಕ್ಕೆ ಲಾಳಿಯೊಡನೆ ಸಾಗುವ ಎಳೆ ಹೊಕ್ಕು. ಹಾಸಿನ ಎಳೆ ಮಗ್ಗದ ಎಳೆತವನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿರಬೇಕು. ಇಂಗ್ಲೆಂಡಿನ ಕೈರಾಟೆಯಲ್ಲಿ ಅಷ್ಟು ಗಟ್ಟಿಯಾದ ಹತ್ತಿಯ ನೂಲು ಬರುತ್ತಿರಲಿಲ್ಲವಾದುದರಿಂದ ಹಾಸಿಗೆ ಅಗಸೆಯ ನಾರಿನ ನೂಲನ್ನೂ ಹೊಕ್ಕಿಗೆ ಮಾತ್ರ ಹತ್ತಿಯ ನೂಲನ್ನೂ ಬಳಸುತ್ತಿದ್ದರು. ಅಪ್ಪಟ ಹತ್ತಿಯ ನಯವಾದ ಬಟ್ಟೆ ಬೇಕೆಂದರೆ ಅದು ಭಾರತದಿಂದಲೇ ಹೋಗಬೇಕಾಗಿತ್ತು. ಕೋಳಿಕ್ಕೋಡಿನ ಹೆಸರಿನಿಂದ ‘ಕ್ಯಾಲಿಕೋ’ ಎಂಬ ಮಾತು ಇಂಗ್ಲಿಷಿಗೆ ಬಂದುದು ಈ ವ್ಯಾಪಾರದ ಗುರುತು. ಭಾರತದ ಬಟ್ಟೆಯ ಮುಂದೆ ತಮ್ಮ ಸರಕು ನಿಲ್ಲಲಾರದೆಂದು ಅಲ್ಲಿಯ ಉಣ್ಣೆ ಮತ್ತು ರೇಷ್ಮೆಯ ಉದ್ಯಮಿಗಳು ಮೊರೆಯಿಟ್ಟುದರಿಂದ ೧೭೦೦ ಮತ್ತು ೧೭೨೧ರಲ್ಲಿ ಪಾರ್ಲಿಮೆಂಟು ಇಂತಹ ಬಟ್ಟೆಗಳ ಮೇಲೆ ನಿಷೇಧಗಳನ್ನು ಹೇರಿತು. ಭಾರತದ ಕೈನೂಲಿಗೆ ಸರಿದೊರೆಯಾದುದನ್ನು ಸಾಧಿಸಬೇಕೆಂಬ ಹಂಬಲವು ಮುಂದಿನ ಅನೇಕ ಶೋಧಗಳ ಹಿನ್ನೆಲೆಯಲ್ಲಿದ್ದಿತೆಂಬುದನ್ನು ಮರೆಯಲಾಗದು.

ಒಂದು ಗಂಟು ಬಿಚ್ಚಿದರೆ ಇನ್ನೊಂದು

ಬರಿ ಎಂಬ ಊರಿನ ಜಾನ್ ಕೇ ಎಂಬುವನು ೧೭೩೩ರಲ್ಲಿ ಹಾರುಲಾಳಿಗೆ ಪೇಟೆಂಟು ಪಡೆದನು. ಅದುವರೆಗೆ ನೇಕಾರನು ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಬೇಕಾಗಿತ್ತು. ಬಟ್ಟೆಯ ಪನ್ನ ಅಗಲವಾಗಿದ್ದರೆ ಎರಡು ಬದಿಗೆ ಇಬ್ಬರು ಬೇಕಾಗಿದ್ದರು. ಕೇ ಲಾಳಿಗೆ ಗಾಲಿಗಳನ್ನು ಜೋಡಿಸಿ, ಹಗ್ಗವೊಂದನ್ನು ಜಗ್ಗಿದೊಡನೆ ಅದು ತನ್ನ ದಾರಿಯಲ್ಲಿ ಓಡುವಂತೆ ಮಾಡಿದನು. ಅಗಲವಾದ ಬಟ್ಟೆಯನ್ನೂ ಒಬ್ಬನೇ ನೇಯಬಹುದಾಯಿತು, ವೇಗವೂ ಹೆಚ್ಚಿತು. ಅನೇಕ ಉದ್ಯಮಿಗಳು ಅದನ್ನು ಬಳಸಿದರಾದರೂ ಶೋಧಕನಿಗೆ ಹಣ ಕೊಡಲಿಲ್ಲ. ಮೊಕದ್ದಮೆಯ ವೆಚ್ಚವನ್ನು ಹಂಚಿಕೊಳ್ಳಲೆಂದೇ ಅವರು ಕೂಟವೊಂದನ್ನು ಕಟ್ಟಿಕೊಂಡಿದ್ದರು. ಬೇಸತ್ತ ಕೇ ೧೭೪೭ರಲ್ಲಿ ಫ್ರಾನ್ಸಿಗೆ ಹೋದನು, ಅಲ್ಲಿಯೇ ತೀರಿಕೊಂಡನು.

ಹಾರುಲಾಳಿ ನೇಯ್ಗೆಯ ಗಂಟನ್ನು ಬಿಚ್ಚಿತು, ಆದರೆ ನೂಲಿನ ಗಂಟನ್ನು ಇನ್ನಷ್ಟು ಬಿಗಿಗೊಳಿಸಿತು. ಮೊದಲೇ ಸಾಲದಿದ್ದ ನೂಲು ಈಗ ಏನೇನೂ ಸಾಲದಾಯಿತು. ಒಬ್ಬರೇ ಒಮ್ಮೆಗೆ ಆರು ಎಳೆಗಳನ್ನು ನೂಲಬಲ್ಲ ಯಂತ್ರಕ್ಕೆ ಲಂಡನ್ನಿನ ಕಲಾಪ್ರೋತ್ಸಾಹಕ ಸಂಘವು ೧೭೬೧ರಲ್ಲಿ ಬಹುಮಾನವನ್ನು ಘೋಷಿಸಿದುದು ಈ ಕೊರತೆಯ ತೀವ್ರತೆಗೆ ಸಾಕ್ಷಿ.

ಬ್ಲ್ಯಾಕ್‌ಬರ್ನ್ ಸಮೀಪದ ನೇಕಾರ ಜೇಮ್ಸ್ ಹಾರ್‌ಗ್ರೀವ್ಸ್ ಸುಮಾರು ೧೭೬೪ರಲ್ಲಿ ‘ಜೆನ್ನಿ’ ಎಂಬ ಯಂತ್ರವನ್ನು ನಿರ್ಮಿಸಿದನು. ಒಂದು ಕದಿರಿನ ಸ್ಥಾನದಲ್ಲಿ ಎಂಟು ಕದಿರುಗಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಚಕ್ರದಿಂದ ಅವೆಲ್ಲವೂ ತಿರುಗುವಂತೆ ಮಾಡಿದುದೇ ಅದರ ಮರ್ಮ. ಜೆನ್ನಿ ಎಂಬುದು ಶೋಧಕನ ಮಗಳ ಹೆಸರೆಂಬ ಕಥೆ ಪ್ರಚಾರದಲ್ಲಿದೆ, ಅದು ನಿರಾಧಾರವಾದುದು. ಯಂತ್ರವೆಂಬ ಅರ್ಥದ ‘ಎಂಜಿನ್’ ಎಂಬ ಮಾತಿನ ಆಡುರೂಪವೇ ಹೀಗೆ ಉಳಿದಿರುವ ಸಂಭವವೇ ಹೆಚ್ಚು. ಈ ಯಂತ್ರ ತಮ್ಮ ಅನ್ನವನ್ನು ಕಸಿದೀತೆಂದು ಹೆದರಿದ ಜನ ೧೭೬೮ರಲ್ಲಿ ಹಾರ್‌ಗ್ರೀವ್ಸನ ಯಂತ್ರಗಳನ್ನು ಮುರಿದುಹಾಕಿದರು. ಅವನು ನಾಟಿಂಗ್‌ಹ್ಯಾಮಿಗೆ ವಲಸೆ ಹೋದನು. ೧೭೭೦ರಲ್ಲಿ ಪೇಟೆಂಟು ದೊರೆಯಿತಾದರೂ, ಅದಕ್ಕೆ ಮುನ್ನವೇ ಕೆಲವು ಯಂತ್ರಗಳನ್ನು ಮಾರಿದ್ದ ಕಾರಣ ಅದು ನ್ಯಾಯದಲ್ಲಿ ನಿಲ್ಲಲಿಲ್ಲ.

ಜೆನ್ನಿಯ ನೂಲು ಹೊಕ್ಕಿಗೆ ಒಳ್ಳೆಯದಾಗಿತ್ತು, ಹಾಸಿಗೆ ಸಾಲದಾಗಿತ್ತು. ಆ ಕೊರತೆಯನ್ನು ನೀಗಿಸಿದವನು ರಿಚರ್ಡ್ ಆರ್ಕ್‌ರೈಟ್. ಇವನು ನೇಕಾರನಲ್ಲ, ಪ್ರೆಸ್ಟನ್ ಊರಿನಲ್ಲಿ ಹುಟ್ಟಿ, ಕ್ಷೌರವನ್ನೂ ಕೃತಕ ಕೇಶದ ಟೊಪ್ಪಿಗೆಗಳ ತಯಾರಿಕೆಯನ್ನೂ ವೃತ್ತಿಯಾಗಿ ಮಾಡಿಕೊಂಡಿದ್ದವನು. ಹಾರುಲಾಳಿಯ ಕೇಯಲ್ಲದ, ಅದೇ ಹೆಸರಿನ ಬೇರೊಬ್ಬ ಗಡಿಯಾರದ ಕಸಬುಗಾರನ ನೆರವಿನಿಂದ ಅವನು ಸಿದ್ಧಗೊಳಿಸಿದ ಯಂತ್ರಕ್ಕೆ ೧೭೬೯ರಲ್ಲಿ ಪೇಟೆಂಟು ದೊರೆಯಿತು. ಅದರಲ್ಲಿ ಹಂಜಿಯು ಜೋಡಿಜೋಡಿಯಾದ ಉರುಳೆಗಳ ನಡುವೆ ಹಾಯುತ್ತದೆ. ಮೊದಲ ಜೋಡಿಗಿಂತ ಎರಡನೆಯದು, ಎರಡನೆಯದಕ್ಕಿಂತ ಮುಂದಿನದು ಹೆಚ್ಚು ವೇಗವಾಗಿ ತಿರುಗುವುದರಿಂದ ಎಳೆಯು ತಾನಾಗಿ ಹಿಗ್ಗಿ ಸಪುರವಾಗುತ್ತದೆ. ಕೊನೆಯಲ್ಲಿ ಕದಿರು ಅದಕ್ಕೆ ಹುರಿ ಕೊಡುತ್ತದೆ. ನೂಲುವವಳ ಬೆರಳುಗಳಲ್ಲಿದ್ದ ಜಾಣ್ಮೆ ಹೀಗೆ ಉರುಳೆಗಳ ವೇಗಭೇದವಾಗಿ ಪರಿಣಮಿಸಿತು. ಗಟ್ಟಿಯಾದ ಹಾಸಿನ ನೂಲು ದೊರೆತು ಅಪ್ಪಟ ಹತ್ತಿಯ ಬಟ್ಟೆ ಇಂಗ್ಲೆಂಡಿನಲ್ಲಿಯೇ ಸಾಧ್ಯವಾಯಿತು. ೧೭೭೪ರಲ್ಲಿ ಅಂತಹ ದೇಶೀಯ ಬಟ್ಟೆಯ ಮೇಲಿದ್ದ ನಿರ್ಬಂಧವನ್ನು ಪಾರ್ಲಿಮೆಂಟು ತೆಗೆದುಹಾಕಿತು.

ಜೆನ್ನಿಯನ್ನು ಮನೆಯ ಮೂಲೆಯಲ್ಲಿಡಬಹುದಾಗಿತ್ತು. ಆರ್ಕ್‌ರೈಟನ ಯಂತ್ರಕ್ಕಾದರೋ ಮನುಷ್ಯನ ಕೈಯ ಬಲ ಸಾಲದು. ಮೊದಲು ನಾಟಿಂಗ್‌ಹ್ಯಾಮಿನಲ್ಲಿ ಕುದುರೆಗಳಿಂದ ಅದನ್ನು ತಿರುಗಿಸಿದರು. ೧೭೭೧ರಲ್ಲಿ ಡರ್ವೆಂಟ್ ನದಿಯ ಕಣಿವೆಯ ಕ್ರಾಮ್‌ಫರ್ಡಿನಲ್ಲಿ ನೀರಿನ ಬಲದಿಂದ ನಡೆಯುವ ಗಿರಣಿಯನ್ನು ಸ್ಥಾಪಿಸಿದರು. ಮನೆಯನ್ನು ಬಿಟ್ಟು ಕೆಲಸವು ಗಿರಣಿಗೆ ನಡೆದುದು ಇಲ್ಲಿಂದ. ಆ ಕಣಿವೆಯ ಗಿರಣಿಗಳ ಸಮುದಾಯವನ್ನು ಯುನೆಸ್ಕೋ ಸಂಸ್ಥೆ ೨೦೦೧ರಲ್ಲಿ ವಿಶ್ವಪರಂಪರೆಯ ತಾಣವೆಂದು ಮಾನ್ಯ ಮಾಡಿದೆ.

ಜೆನ್ನಿ ಮತ್ತು ಆರ್ಕ್‌ರೈಟನ ಯಂತ್ರ ಇವೆರಡರ ಗುಣಗಳನ್ನು ಒಂದುಗೂಡಿಸಿದವನು ಬೋಲ್ಟನ್ನಿನ ಸ್ಯಾಮ್ಯುಯೆಲ್ ಕ್ರಾಂಪ್ಟನ್. ೧೭೭೯ರಲ್ಲಿ ಸಿದ್ಧವಾದ ಅವನ ಯಂತ್ರ ಎರಡು ಕುಲಗಳ ಸಂಯೋಗದಿಂದ ಹುಟ್ಟಿದುದಾದುದರಿಂದ ಜನ ಅದನ್ನು ‘ಮ್ಯೂಲ್’ ಎಂದರು, ಎಂದರೆ ಹೇಸರಗತ್ತೆ. ಗಟ್ಟಿಯೂ ಹೌದು, ಅತ್ಯಂತ ನಯವೂ ಹೌದು ಎಂಬಂತಹ ನೂಲು ಅದರಿಂದ ಬಂದಿತು. ಪೇಟೆಂಟು ಪಡೆಯುವಷ್ಟು ಹಣ ಕ್ರಾಂಪ್ಟನ್ನನ ಬಳಿ ಇರಲಿಲ್ಲ. ಉದ್ಯಮಿಗಳು ಚಂದಾ ಕೂಡಿಸಿ ಕೊಡುವ ಮಾತನ್ನು ನಂಬಿ ಯಂತ್ರದ ರಹಸ್ಯವನ್ನು ಬಹಿರಂಗಪಡಿಸಿದನು. ಕೈಗೆ ಬಂದುದು ಸುಮಾರು ೬೦ ಪೌಂಡು. ೧೮೧೧ರಲ್ಲಿ ಅವನೇ ಸುತ್ತಾಡಿ ಎಣಿಸಿದಾಗ ೪೦ ಲಕ್ಷಕ್ಕೂ ಮಿಕ್ಕಿದ ಕದಿರುಗಳು ತನ್ನ ಯಂತ್ರದಲ್ಲಿ ತಿರುಗುತ್ತಿದ್ದುದನ್ನು ಕಂಡನು. ಮರುವರ್ಷ ಪಾರ್ಲಿಮೆಂಟು ಅವನಿಗೆ ೫,೦೦೦ ಪೌಂಡುಗಳನ್ನು ಮಂಜೂರು ಮಾಡಿತು. ಅತ್ತ ಆರ್ಕ್‌ರೈಟನು ತನ್ನ ಪೇಟೆಂಟು ೧೭೮೫ರಲ್ಲಿ ರದ್ದಾದರೂ ಅಪಾರ ಸಂಪತ್ತನ್ನು ಗಳಿಸಿ, ‘ಸರ್’ ಬಿರುದನ್ನೂ ಪಡೆದಿದ್ದನು. ಶೋಧಿಸುವ ಬುದ್ಧಿ ಒಂದು, ಬಂಡವಾಳವನ್ನು ಕೂಡಿಸಿ ಗಿರಣಿಯನ್ನು ನಡೆಸುವ ಬುದ್ಧಿ ಇನ್ನೊಂದು. ಆ ಯುಗವು ಎರಡನೆಯದಕ್ಕೆ ಕೊಟ್ಟ ಬೆಲೆಯನ್ನು ಮೊದಲನೆಯದಕ್ಕೆ ಕೊಡಲಿಲ್ಲ.

ಉಗಿಯ ಬಲ

ನೀರಿನ ಬಲವನ್ನು ನಂಬಿದ ಗಿರಣಿ ನದಿಯಿದ್ದಲ್ಲಿಗೇ ಹೋಗಬೇಕು. ಬೇಸಿಗೆಯಲ್ಲಿ ನೀರು ಬತ್ತಿದರೆ ನಿಲ್ಲಬೇಕು. ಈ ಕಟ್ಟನ್ನು ಬಿಡಿಸಿದುದು ಉಗಿಯಂತ್ರ. ಉಗಿಯಂತ್ರವನ್ನು ಜೇಮ್ಸ್ ವಾಟ್ ಕಂಡುಹಿಡಿದನೆಂಬ ಮಾತು ಪೂರ್ಣ ಸತ್ಯವಲ್ಲ. ಗಣಿಗಳ ನೀರನ್ನು ಮೇಲೆತ್ತಲು ಥಾಮಸ್ ನ್ಯೂಕೊಮೆನ್ನನು ೧೭೧೨ರಲ್ಲಿಯೇ ಉಗಿಯಂತ್ರವನ್ನು ನಿಲ್ಲಿಸಿದ್ದನು. ಅದರಲ್ಲಿ ಉಗಿಯನ್ನು ತಣಿಸಲು ಸಿಲಿಂಡರಿಗೇ ತಣ್ಣೀರನ್ನು ಹಾಯಿಸುತ್ತಿದ್ದರು. ಪ್ರತಿಸಲವೂ ಸಿಲಿಂಡರು ತಣ್ಣಗಾಗಿ ಮತ್ತೆ ಕಾಯಬೇಕಾಗಿದ್ದುದರಿಂದ ಕಲ್ಲಿದ್ದಲು ವಿಪರೀತವಾಗಿ ವ್ಯಯವಾಗುತ್ತಿತ್ತು.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ವಾಟ್, ಅಂತಹ ಯಂತ್ರದ ಒಂದು ಮಾದರಿಯನ್ನು ಸರಿಪಡಿಸುವಾಗ ಈ ದೋಷವನ್ನು ಗುರುತಿಸಿದನು. ಉಗಿಯನ್ನು ತಣಿಸುವ ಕೆಲಸಕ್ಕೆ ಪ್ರತ್ಯೇಕವಾದ ಪಾತ್ರೆಯನ್ನಿಟ್ಟರೆ ಸಿಲಿಂಡರು ಸದಾ ಬಿಸಿಯಾಗಿಯೇ ಉಳಿಯುವುದೆಂಬ ವಿಚಾರ ೧೭೬೫ರಲ್ಲಿ ಅವನಿಗೆ ಹೊಳೆಯಿತು. ೧೭೬೯ರಲ್ಲಿ ಪೇಟೆಂಟು ದೊರೆಯಿತು. ವಿಚಾರ ಸಿದ್ಧವಿದ್ದರೂ ಉಗಿ ಸೋರದಷ್ಟು ನಿಖರವಾದ ಸಿಲಿಂಡರನ್ನು ಕೊರೆಯಬಲ್ಲವರಿರಲಿಲ್ಲ. ಜಾನ್ ವಿಲ್ಕಿನ್‌ಸನ್ನನು ಫಿರಂಗಿ ಕೊರೆಯಲೆಂದು ೧೭೭೪ರಲ್ಲಿ ರೂಪಿಸಿದ ಯಂತ್ರದಿಂದ ಆ ತೊಡಕು ಪರಿಹಾರವಾಯಿತು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ನನು ೧೭೭೫ರಲ್ಲಿ ಪಾಲುದಾರನಾಗಿ ಬಂಡವಾಳ ಹಾಕಿದನು. ಗಣಿಗಳಿಂದ ಇವರು ಪಡೆಯುತ್ತಿದ್ದ ಶುಲ್ಕದ ಕ್ರಮ ಗಮನಾರ್ಹವಾಗಿದೆ: ಹಳೆಯ ಯಂತ್ರಕ್ಕೆ ಹೋಲಿಸಿದಾಗ ಎಷ್ಟು ಕಲ್ಲಿದ್ದಲು ಉಳಿಯುವುದೋ ಅದರ ಬೆಲೆಯ ಮೂರನೆಯ ಒಂದು ಭಾಗ. ೧೭೮೧ರಲ್ಲಿ ಮೇಲೆ ಕೆಳಗೆ ಆಡುವ ಚಲನೆಯನ್ನು ಚಕ್ರದ ಚಲನೆಯಾಗಿ ಮಾರ್ಪಡಿಸುವ ಉಪಾಯಕ್ಕೂ ವಾಟ್ ಪೇಟೆಂಟು ಪಡೆದನು. ೧೭೮೫ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಪ್ಯಾಪಲ್‌ವಿಕ್ ಎಂಬಲ್ಲಿ ಹತ್ತಿಯ ಗಿರಣಿಗೆ ವಾಟನ ಯಂತ್ರ ಜೋಡಣೆಯಾಯಿತು. ಇನ್ನು ಗಿರಣಿಯು ನದಿಯ ದಡವನ್ನು ಹುಡುಕಬೇಕಾಗಿರಲಿಲ್ಲ. ಕಲ್ಲಿದ್ದಲೂ ಜನರೂ ದೊರೆಯುವ ಪಟ್ಟಣದಲ್ಲಿಯೇ ನಿಲ್ಲಬಹುದಾಯಿತು.

ಅರ್ಥವ್ಯವಸ್ಥೆಯ ಮಾರ್ಪಾಡು

ಇವೆಲ್ಲವುಗಳ ಫಲವನ್ನು ಕೆಲವು ಅಂಕೆಗಳು ಸ್ಪಷ್ಟಪಡಿಸುತ್ತವೆ. ನೂರು ಪೌಂಡು ಹತ್ತಿಯನ್ನು ನಯವಾದ ನೂಲಾಗಿ ಮಾಡಲು ಕೈರಾಟೆಯಲ್ಲಿ ಸುಮಾರು ೫೦,೦೦೦ ಗಂಟೆಗಳ ದುಡಿಮೆ ಬೇಕಾಗಿತ್ತೆಂದೂ, ೧೭೯೫ರ ಸುಮಾರಿನ ಮ್ಯೂಲಿನಲ್ಲಿ ಸುಮಾರು ೩೦೦ ಗಂಟೆಗಳು ಸಾಕಾದುವೆಂದೂ ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ೧೦೦ನೆಯ ನಂಬರಿನ ಒಂದು ಪೌಂಡು ನೂಲಿಗೆ ೧೭೮೬ರಲ್ಲಿ ೩೮ ಷಿಲಿಂಗ್ ಬೆಲೆಯಿದ್ದುದು ೧೮೦೭ರಲ್ಲಿ ೭ ಷಿಲಿಂಗಿಗಿಂತ ಕೆಳಗಿಳಿದಿತ್ತು. ಬ್ರಿಟನ್ನಿಗೆ ೧೭೬೦ರಲ್ಲಿ ಸುಮಾರು ೨೫ ಲಕ್ಷ ಪೌಂಡು ಹತ್ತಿ ಬರುತ್ತಿದ್ದರೆ, ೧೮೦೦ರಲ್ಲಿ ೫ ಕೋಟಿಗೂ ಮಿಕ್ಕಿ, ೧೮೩೦ರಲ್ಲಿ ಸುಮಾರು ೨೫ ಕೋಟಿ ಪೌಂಡು ಬರತೊಡಗಿತು. ಮ್ಯಾಂಚೆಸ್ಟರ್ ನಗರದ ಜನಸಂಖ್ಯೆ ೧೮೦೧ರಲ್ಲಿ ಸುಮಾರು ೭೫,೦೦೦ ಇದ್ದುದು ೧೮೫೧ರಲ್ಲಿ ೩ ಲಕ್ಷವನ್ನು ದಾಟಿತು. ಮೊದಲು ಸಿರಿವಂತರ ಮೈಮೇಲೆ ಮಾತ್ರ ಕಾಣುತ್ತಿದ್ದ ನಯವಾದ ಹತ್ತಿಯ ಬಟ್ಟೆ ಬಡವರಿಗೂ ಎಟುಕುವಂತಾಯಿತು. ಈ ಲಾಭವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ದುಡಿಮೆಯ ಸ್ವರೂಪವೇ ಬದಲಾಯಿತು. ಮಗ್ಗವನ್ನೂ ರಾಟೆಯನ್ನೂ ತಾನೇ ಹೊಂದಿದ್ದ ಕಸಬುಗಾರನು, ಬೇರೊಬ್ಬರ ಯಂತ್ರದ ಬಳಿ ನಿಂತು ಹೊತ್ತಿನ ಲೆಕ್ಕದಲ್ಲಿ ಕೂಲಿ ಪಡೆಯುವವನಾದನು. ಸೂರ್ಯನನ್ನು ನೋಡಿ ಎದ್ದವನು ಈಗ ಗಿರಣಿಯ ಗಂಟೆಯನ್ನು ಕೇಳಿ ಏಳಬೇಕಾಯಿತು. ತಡವಾಗಿ ಬಂದವನಿಗೆ ಬಾಗಿಲು ಮುಚ್ಚಿರುತ್ತಿತ್ತು, ಇಲ್ಲವೆ ದಂಡ ಬೀಳುತ್ತಿತ್ತು. ಕ್ರಾಮ್‌ಫರ್ಡಿನಂತಹ ಗಿರಣಿಗಳು ರಾತ್ರಿಯೂ ನಿಲ್ಲುತ್ತಿರಲಿಲ್ಲ.

ಯಂತ್ರಣೆ

ಮೊದಲು ಪೆಟ್ಟು ಬಿದ್ದುದು ಹೆಂಗಸರಿಗೆ. ತಲೆತಲಾಂತರದಿಂದ ರಾಟೆಯಿಂದ ನಾಲ್ಕು ಕಾಸು ಸಂಪಾದಿಸಿ ಸಂಸಾರಕ್ಕೆ ಆಸರೆಯಾಗಿದ್ದವರ ಕೈಗಳು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬರಿದಾದುವು. ಅವರು ಚದುರಿದವರು, ಮನೆಯೊಳಗಿನವರು. ಅವರ ನಷ್ಟ ಚರಿತ್ರೆಯ ಪುಟಗಳಲ್ಲಿ ಸ್ವಲ್ಪವೇ ಕಾಣುತ್ತದೆ.

ನೇಕಾರರಿಗೆ ಅದೇ ಕಾಲ ಸುಗ್ಗಿಯಾಗಿತ್ತು. ನೂಲು ಹೇರಳವಾಗಿ, ನೇಯುವವರಿಗೆ ಬೇಡಿಕೆ ಹೆಚ್ಚಿತು. ಹಿಂದೆ ಮಗ್ಗವು ನೂಲಿಗಾಗಿ ಕಾಯುತ್ತಿದ್ದರೆ ಈಗ ನೂಲು ಮಗ್ಗಕ್ಕಾಗಿ ಕಾಯುವಂತಾಯಿತು. ಗಂಟು ಮತ್ತೆ ಸ್ಥಾನ ಬದಲಿಸಿತ್ತು. ಅದನ್ನು ಬಿಚ್ಚಲು ಎಡ್ಮಂಡ್ ಕಾರ್ಟ್‌ರೈಟ್ ಎಂಬ ಪಾದ್ರಿ ೧೭೮೫ರಲ್ಲಿ ಯಂತ್ರಮಗ್ಗಕ್ಕೆ ಪೇಟೆಂಟು ಪಡೆದನು. ಆ ಮಗ್ಗ ಒರಟಾಗಿತ್ತು. ಹಲವರ ಕೈಯಲ್ಲಿ ತಿದ್ದುಪಡಿ ಹೊಂದಿ ಅದು ನೆಲೆಗೊಳ್ಳಲು ಮೂವತ್ತು ವರ್ಷಗಳೇ ಹಿಡಿದುವು. ಬ್ರಿಟನ್ನಿನಲ್ಲಿ ೧೮೧೩ರಲ್ಲಿ ಸುಮಾರು ೨,೪೦೦ ಇದ್ದ ಯಂತ್ರಮಗ್ಗಗಳು ೧೮೩೩ರ ಹೊತ್ತಿಗೆ ಸುಮಾರು ಒಂದು ಲಕ್ಷವಾದುವು. ಬೋಲ್ಟನ್ನಿನ ಕೈಮಗ್ಗದ ನೇಕಾರನಿಗೆ ಶತಮಾನದ ಆರಂಭದಲ್ಲಿ ವಾರಕ್ಕೆ ೨೫ ಷಿಲಿಂಗಿನ ಆಸುಪಾಸಿನಲ್ಲಿದ್ದ ಕೂಲಿ, ೧೮೩೦ರ ಸುಮಾರಿಗೆ ೬ ಷಿಲಿಂಗಿಗೆ ಇಳಿಯಿತು. ಸುಗ್ಗಿಯ ದಿನಗಳನ್ನು ಕಂಡು ತಂದೆ ತನ್ನ ಮಗನನ್ನು ಮಗ್ಗಕ್ಕೆ ಕೂರಿಸಿದ್ದನು. ಮಗನು ನಡುವಯಸ್ಸಿಗೆ ಬರುವಷ್ಟರಲ್ಲಿ ಆ ವಿದ್ಯೆಗೆ ಬೆಲೆಯೇ ಇಲ್ಲವಾಯಿತು.

ನೇಕಾರರು ಸುಮ್ಮನೆ ಕುಳಿತಿರಲಿಲ್ಲ. ಕನಿಷ್ಠ ಕೂಲಿಯನ್ನು ಕಾನೂನಿನಿಂದ ಗೊತ್ತುಪಡಿಸಬೇಕೆಂದು ಪಾರ್ಲಿಮೆಂಟಿಗೆ ಬಿನ್ನವಿಸಿದರು. ಆ ಮಸೂದೆ ೧೮೦೮ರಲ್ಲಿ ತಿರಸ್ಕೃತವಾಯಿತು. ಕೂಲಿಕಾರರು ಸಂಘ ಕಟ್ಟುವುದು ೧೭೯೯ ಮತ್ತು ೧೮೦೦ರ ಶಾಸನಗಳಿಂದ ಅಪರಾಧವಾಗಿತ್ತು. ಆ ಶಾಸನಗಳು ರದ್ದಾದುದು ೧೮೨೪ರಲ್ಲಿ. ಎಲ್ಲ ಬಾಗಿಲುಗಳೂ ಮುಚ್ಚಿದಾಗ ಕೈ ಸುತ್ತಿಗೆಯ ಕಡೆಗೆ ಹೋಯಿತು. ೧೮೧೧ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಕಾಲುಚೀಲ ಹೆಣೆಯುವವರಿಂದ ಮೊದಲಾದ ಯಂತ್ರಭಂಜನವು ಯಾರ್ಕ್‌ಶೈರ್, ಲಂಕಾಶೈರುಗಳಿಗೂ ಹಬ್ಬಿತು. ನೆಡ್ ಲಡ್ ಎಂಬ ಕಲ್ಪಿತ ನಾಯಕನ ಹೆಸರಿನಿಂದ ಇವರು ‘ಲಡ್ಡೈಟ್’ ಎಂದು ಪ್ರಸಿದ್ಧರಾದರು. ಯಂತ್ರ ಮುರಿದವರಿಗೆ ಮರಣದಂಡನೆ ವಿಧಿಸುವ ಶಾಸನ ೧೮೧೨ರಲ್ಲಿ ಬಂದಿತು. ಕವಿ ಬೈರನ್ ಪ್ರಭುಗಳ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತನಾಡಿದನು. ೧೮೧೩ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಹದಿನೇಳು ಮಂದಿಯನ್ನು ಗಲ್ಲಿಗೇರಿಸಲಾಯಿತು. ಇವರನ್ನು ಬರಿಯ ಯಂತ್ರದ್ವೇಷಿಗಳೆಂದು ಹಳಿಯುವುದು ರೂಢಿಯಾಗಿದೆ. ಆದರೆ ಯಂತ್ರದೊಡನೆ ಹುಟ್ಟಿ ಬೆಳೆದ ಕಸಬುಗಾರರಿವರು. ಅವರ ಜಗಳ ಯಂತ್ರದೊಡನೆ ಎನ್ನುವುದಕ್ಕಿಂತ, ಅದರ ಲಾಭವನ್ನು ಒಬ್ಬನೇ ಉಂಡು ನಷ್ಟವನ್ನು ಹಲವರ ತಲೆಗೆ ಕಟ್ಟಿದ ಪದ್ಧತಿಯೊಡನೆ ಎನ್ನುವುದು ಹೆಚ್ಚು ಸರಿಯಾದೀತು.

ಅತ್ಯಂತ ದಾರುಣವಾದುದು ಮಕ್ಕಳ ಪಾಡು. ಹರಿದ ಎಳೆಯನ್ನು ಗಂಟಿಕ್ಕಲು ಸಣ್ಣ ಬೆರಳುಗಳು, ಚಲಿಸುತ್ತಿರುವ ಮ್ಯೂಲಿನ ಕೆಳಗೆ ನುಸುಳಿ ಅರಳೆಯ ಕಸವನ್ನು ಬಳಿಯಲು ಸಣ್ಣ ಮೈಗಳು ಬೇಕಾಗಿದ್ದುವು. ಅನಾಥಾಲಯಗಳಂತಿದ್ದ ಬಡವರ ಆಶ್ರಯಗೃಹಗಳಿಂದ ಮಕ್ಕಳನ್ನು ಗುಂಪುಗುಂಪಾಗಿ ದೂರದ ಗಿರಣಿಗಳಿಗೆ ಒಪ್ಪಿಸುತ್ತಿದ್ದರು. ಹನ್ನೆರಡು ಗಂಟೆ, ಹದಿಮೂರು ಗಂಟೆ ನಿಂತೇ ದುಡಿಯುವ ಆ ಮಕ್ಕಳಿಗೆ ಅಕ್ಷರದ ಮಾತಿರಲಿ, ನಿದ್ದೆಗೂ ಹೊತ್ತು ಸಾಲುತ್ತಿರಲಿಲ್ಲ.

ಯಂತ್ರಣೆಯ ಎಳೆ ಸಮುದ್ರವನ್ನೂ ದಾಟಿತು. ಗಿರಣಿಗಳು ಬೇಡುವಷ್ಟು ಹತ್ತಿಯನ್ನು ಒದಗಿಸಲು ಅಮೆರಿಕದ ದಕ್ಷಿಣ ಸೀಮೆ ಮುಂದಾಯಿತು. ಅಲ್ಲಿಯ ಗಿಡ್ಡ ಎಳೆಯ ಹತ್ತಿಯಲ್ಲಿ ಕಾಳು ಬಲವಾಗಿ ಅಂಟಿಕೊಂಡಿರುತ್ತಿದ್ದುದರಿಂದ ಅದನ್ನು ಕೈಯಿಂದ ಬಿಡಿಸುವುದು ಬಲು ನಿಧಾನದ ಕೆಲಸವಾಗಿತ್ತು. ಈಲೈ ವಿಟ್ನಿ ೧೭೯೩ರಲ್ಲಿ ನಿರ್ಮಿಸಿದ ‘ಜಿನ್’ ಯಂತ್ರ ಆ ಗಂಟನ್ನು ಬಿಚ್ಚಿತು. ಕಾಳು ಬಿಡಿಸುವ ಶ್ರಮ ತಗ್ಗಿತು; ಆದರೆ ಬಿತ್ತುವ, ಬಿಡಿಸುವ, ಹೊರುವ ಶ್ರಮ ನೂರ್ಮಡಿಯಾಯಿತು. ಅದನ್ನು ಹೊತ್ತವರು ಗುಲಾಮರು. ಅಮೆರಿಕದ ಜನಗಣತಿಯಲ್ಲಿ ೧೭೯೦ರಲ್ಲಿ ಸುಮಾರು ೭ ಲಕ್ಷವಿದ್ದ ಗುಲಾಮರ ಸಂಖ್ಯೆ ೧೮೬೦ರಲ್ಲಿ ಸುಮಾರು ೪೦ ಲಕ್ಷವಾಯಿತು. ಶ್ರಮವನ್ನು ಉಳಿಸಲೆಂದು ಬಂದ ಯಂತ್ರವು ದಾಸ್ಯವನ್ನು ಹೆಚ್ಚಿಸಿದುದು ಆ ಯುಗದ ಅತಿ ಕಹಿಯಾದ ವಿಪರ್ಯಾಸ.

ನಿಯಂತ್ರಣ

ಯಂತ್ರವಿದ್ದಲ್ಲಿ ಯಂತ್ರಣೆ ಅನಿವಾರ್ಯವೇ ಎಂಬ ಪ್ರಶ್ನೆಗೆ ಆ ಕಾಲದಲ್ಲಿಯೇ ಒಂದು ಉತ್ತರ ದೊರೆತಿತ್ತು. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ತೀರದ ನ್ಯೂ ಲನಾರ್ಕ್ ಗಿರಣಿಗಳ ಆಡಳಿತವನ್ನು ೧೮೦೦ರಲ್ಲಿ ವಹಿಸಿಕೊಂಡ ರಾಬರ್ಟ್ ಓವೆನ್, ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದನು. ದುಡಿಮೆಯ ಅವಧಿಯನ್ನು ತಗ್ಗಿಸಿದನು. ಅಮೆರಿಕದಿಂದ ಹತ್ತಿ ಬರುವುದು ನಿಂತ ಸಂದರ್ಭದಲ್ಲಿ ನಾಲ್ಕು ತಿಂಗಳ ಕಾಲ ಕೆಲಸವಿಲ್ಲದಿದ್ದರೂ ಪೂರ್ಣ ಕೂಲಿಯನ್ನು ಕೊಟ್ಟನು. ೧೮೧೬ರ ಜನವರಿ ೧ರಂದು ಗಿರಣಿಯ ಬಳಿಯೇ ಶಾಲೆಯನ್ನು ತೆರೆದನು. ನಡೆಯಲು ಕಲಿತ ಶಿಶುಗಳಿಗೂ ಅಲ್ಲಿ ಸ್ಥಾನವಿತ್ತು, ಹೊಡೆಯುವುದು ನಿಷಿದ್ಧವಾಗಿತ್ತು, ಹಾಡು, ಕುಣಿತ, ಪ್ರಕೃತಿಯ ವೀಕ್ಷಣೆ ಪಾಠದ ಭಾಗವಾಗಿದ್ದುವು. ಇಷ್ಟಾದರೂ ಆ ಗಿರಣಿ ನಷ್ಟಕ್ಕೆ ಬೀಳಲಿಲ್ಲ, ಲಾಭವನ್ನೇ ಗಳಿಸಿತು. ಮಕ್ಕಳನ್ನು ದುಡಿಸದಿದ್ದರೆ ಉದ್ಯಮವೇ ಮುಳುಗುವುದೆಂದು ವಾದಿಸುತ್ತಿದ್ದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೊಂದಿರಲಿಲ್ಲ.

ಆದರೆ ಒಬ್ಬ ಧಣಿಯ ಸದ್ಬುದ್ಧಿ ನಾಡಿಗೆಲ್ಲ ನಿಯಮವಾಗಲಾರದು. ಅದಕ್ಕೆ ಶಾಸನ ಬೇಕು. ೧೮೦೨ರ ಶಾಸನವು ಗಿರಣಿಯ ಅನಾಥ ಮಕ್ಕಳ ದುಡಿಮೆಯನ್ನು ದಿನಕ್ಕೆ ಹನ್ನೆರಡು ಗಂಟೆಗಳಿಗೆ ಮಿತಗೊಳಿಸಿ, ಓದು, ಬರಹ, ಲೆಕ್ಕಗಳನ್ನು ಕಲಿಸಬೇಕೆಂದು ವಿಧಿಸಿತು. ೧೮೧೯ರದು ಒಂಬತ್ತು ವರ್ಷಕ್ಕಿಂತ ಚಿಕ್ಕವರನ್ನು ಹತ್ತಿಯ ಗಿರಣಿಗೆ ಸೇರಿಸುವುದನ್ನು ನಿಷೇಧಿಸಿತು. ಇವೆರಡನ್ನೂ ಜಾರಿಗೆ ತರುವವರಿರಲಿಲ್ಲವಾಗಿ ಶಾಸನವು ಕಾಗದದಲ್ಲಿಯೇ ಉಳಿಯಿತು.

೧೮೩೩ರ ಶಾಸನವು ಮೊದಲ ಬಾರಿಗೆ ಸರ್ಕಾರದ ಸಂಬಳ ಪಡೆಯುವ ನಾಲ್ವರು ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. ಒಂಬತ್ತರಿಂದ ಹದಿಮೂರರ ವರೆಗಿನ ಮಕ್ಕಳು ವಾರಕ್ಕೆ ೪೮ ಗಂಟೆಗಳಿಗಿಂತ ಹೆಚ್ಚು ದುಡಿಯಕೂಡದೆಂದೂ, ದಿನಕ್ಕೆ ಎರಡು ಗಂಟೆ ಶಾಲೆಯಲ್ಲಿರಬೇಕೆಂದೂ ಗೊತ್ತುಪಡಿಸಿತು. ಆದರೆ ಮಗುವಿನ ವಯಸ್ಸೆಷ್ಟೆಂದು ತಿಳಿಯುವುದು ಹೇಗೆ? ಇಂಗ್ಲೆಂಡಿನಲ್ಲಿ ಜನನದ ಸರ್ಕಾರಿ ನೋಂದಣಿ ಆರಂಭವಾದುದೇ ೧೮೩೭ರಲ್ಲಿ. ಅದುವರೆಗೆ ವೈದ್ಯನು ಮಗುವಿನ ಮೈಕಟ್ಟನ್ನು ನೋಡಿ ಪ್ರಮಾಣಪತ್ರ ಕೊಡಬೇಕಾಗಿತ್ತು. ಲೋಪಗಳು ಎಷ್ಟೇ ಇದ್ದರೂ ಒಂದು ತತ್ತ್ವವಂತೂ ಸ್ಥಾಪಿತವಾಯಿತು: ಗಿರಣಿಯಲ್ಲಿರುವ ಮಗುವಿನ ದಿನದಲ್ಲಿ ಶಾಲೆಗೂ ಒಂದು ಪಾಲಿದೆ, ಆ ಪಾಲನ್ನು ಧಣಿಯಾಗಲಿ ತಂದೆಯಾಗಲಿ ಕಸಿಯುವಂತಿಲ್ಲ. ೧೮೪೭ರ ಶಾಸನವು ಹೆಂಗಸರ ಹಾಗೂ ಹದಿನೆಂಟರೊಳಗಿನ ತರುಣರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗಳಿಗೆ ಇಳಿಸಿತು.

ಕನ್ನಡ ನಾಡಿಗೆ ಬಂದ ಎಳೆ

ಲಂಕಾಶೈರಿನ ಈ ಎಳೆ ಕನ್ನಡ ನಾಡನ್ನೂ ಮುಟ್ಟದೆ ಬಿಡಲಿಲ್ಲ. ಅಮೆರಿಕವೊಂದನ್ನೇ ನಂಬಿರುವುದು ಅಪಾಯಕರವೆಂದು ಬಗೆದ ಬ್ರಿಟಿಷರು ೧೮೪೦ರ ದಶಕದಲ್ಲಿ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಅಮೆರಿಕದ ಹತ್ತಿಯ ಬೀಜವನ್ನು ಬಿತ್ತಿಸಿದರು. ಅದೇ ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನ ಹತ್ತಿಯಾಯಿತು. ವಿಟ್ನಿಯ ಯಂತ್ರದ ಸಂತತಿಯಾದ ಗರಗಸದ ಜಿನ್ನೂ ಅದರೊಡನೆ ಬಂದಿತು. ಆ ಜಿನ್ನಿನಲ್ಲಿ ಕಾಳು ಬಿಡಿಸಿದ ಧಾರವಾಡದ ಅರಳೆ ಇಂಗ್ಲೆಂಡಿನ ಪೇಟೆಯಲ್ಲಿ ಪ್ರತ್ಯೇಕವಾದ ಒಂದು ಹೆಸರನ್ನೇ ಪಡೆದಿತ್ತು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿಯ ಹಡಗುಗಳು ನಿಂತಾಗ ಲಂಕಾಶೈರಿನಲ್ಲಿ ಗಿರಣಿಗಳು ಮುಚ್ಚಿದುವು. ೧೮೬೨ರ ಕೊನೆಯ ಹೊತ್ತಿಗೆ ಸುಮಾರು ೫ ಲಕ್ಷ ಜನ ಪರಿಹಾರದ ಅನ್ನವನ್ನು ನಂಬಬೇಕಾಯಿತು. ಅದೇ ಸಮಯದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ತಾನು ಕಾಣದ ದೇಶದ ಯುದ್ಧ ತನ್ನ ಹೊಲದ ಬೆಳೆಯ ಬೆಲೆಯನ್ನು ಏರಿಸಿ ಇಳಿಸಿದುದನ್ನು ಇಲ್ಲಿಯ ಒಕ್ಕಲಿಗನು ಅನುಭವಿಸಿದನು.

ಇತ್ತ ಗಿರಣಿಯ ಅಗ್ಗದ ನೂಲು ಬಂದುದರಿಂದ ಲಂಕಾಶೈರಿನಲ್ಲಿ ನಡೆದ ಕ್ರಮವೇ ಇಲ್ಲಿಯೂ ನಡೆಯಿತು. ಮೊದಲು ನಿಂತುದು ಹೆಂಗಸರ ರಾಟೆ. ಇಳಕಲ್ಲು, ಗುಳೇದಗುಡ್ಡಗಳ ಸೀರೆ, ಖಣಗಳಂತಹ ವಿಶಿಷ್ಟವಾದ ನೇಯ್ಗೆ ಮಾತ್ರ ಗಿರಣಿಯ ನೂಲನ್ನೇ ಹಾಸುಹೊಕ್ಕಾಗಿ ಮಾಡಿಕೊಂಡು ಬದುಕಿ ಉಳಿಯಿತು. ೧೮೮೦ರ ದಶಕದಲ್ಲಿ ಘಟಪ್ರಭೆಯ ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದಲೇ ನೂಲಿನ ಗಿರಣಿ ಆರಂಭವಾಯಿತು. ಕ್ರಾಮ್‌ಫರ್ಡಿನ ಕಥೆ ನೂರು ವರ್ಷಗಳ ತರುವಾಯ ಕನ್ನಡದ ನೆಲದಲ್ಲಿ ಮರುಕಳಿಸಿದಂತಾಯಿತು. ಭಾರತದ ಮೊದಲ ಕಾರ್ಖಾನೆ ಶಾಸನ ೧೮೮೧ರಲ್ಲಿ ಬಂದಿತು. ಅದು ಏಳು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಏಳರಿಂದ ಹನ್ನೆರಡರ ವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಗಳ ಮಿತಿಯನ್ನು ಹಾಕಿತು. ಏಳು ವರ್ಷದ ಮಗು ಒಂಬತ್ತು ಗಂಟೆ ದುಡಿಯಬಹುದೆಂಬುದೇ ಅಂದಿನ ದಯೆಯ ಅಳತೆಯಾಗಿತ್ತು!

ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಯಂತ್ರವನ್ನು ದೂಷಿಸಬೇಕೆಂಬ ಮಾತಲ್ಲ. ಅದನ್ನು ಆರಾಧಿಸಬೇಕೆಂಬ ಮಾತೂ ಅಲ್ಲ. ಯಾವ ಯಂತ್ರವೂ ತಾನು ನಿಂತ ಸ್ಥಳದಲ್ಲಿಯೇ ತನ್ನ ಪರಿಣಾಮವನ್ನು ಮುಗಿಸುವುದಿಲ್ಲ. ಒಂದು ಕಡೆ ಬಿಚ್ಚಿದ ಗಂಟು ಇನ್ನೊಂದು ಕಡೆ ಬೀಳುತ್ತದೆ. ಅದು ಬಿದ್ದಲ್ಲಿ ಯಾರ ಕೈ ಸಿಕ್ಕಿಕೊಂಡಿದೆಯೆಂದು ನೋಡುವವರು ಬೇಕು. ಆರ್ಕ್‌ರೈಟನ ಗಿರಣಿಗೂ ನಾಲ್ವರು ಇನ್ಸ್‌ಪೆಕ್ಟರುಗಳ ನೇಮಕಕ್ಕೂ ನಡುವೆ ಅರುವತ್ತೆರಡು ವರ್ಷಗಳು ಕಳೆದುವು. ಆ ಅರುವತ್ತೆರಡು ವರ್ಷಗಳಲ್ಲಿ ಗಿರಣಿಯಲ್ಲಿಯೇ ಬಾಲ್ಯವನ್ನು ಕಳೆದವರಿಗೆ ಮುಂದೆ ಬಂದ ಶಾಸನದಿಂದ ಆದ ಪ್ರಯೋಜನವೇನು? ಇಂದಿಗೂ ಹೊಸ ಹೊಸ ಯಂತ್ರಗಳು ಮನೆಗೂ ಕಚೇರಿಗೂ ಪಾಠದ ಕೋಣೆಗೂ ಬರುತ್ತಲೇ ಇವೆ. ಯಂತ್ರದ ವೇಗ ಹೆಚ್ಚಿದಷ್ಟೂ ನಿಯಂತ್ರಣದ ವಿವೇಕವೂ ಬೇಗನೆ ಎಚ್ಚರಗೊಳ್ಳಬೇಕಾಗುತ್ತದೆ. ಆ ವಿವೇಕವನ್ನು ಬೆಳೆಸುವ ಸ್ಥಾನ ಗಿರಣಿಯಲ್ಲ, ಪೇಟೆಯೂ ಅಲ್ಲ. ೧೮೩೩ರ ಶಾಸನವು ಮಗುವಿನ ದಿನದಲ್ಲಿ ಯಾವುದಕ್ಕೆಂದು ಎರಡು ಗಂಟೆಗಳನ್ನು ಬಿಡಿಸಿಕೊಟ್ಟಿತೋ, ಆ ಶಾಲೆಯೇ.